ಅರವತ್ತು ಇಂಚಿನ ಟೇಪು

ಕುಶಾಲನಗರದ ನರ್ಸರಿಯಲ್ಲಿ ಮೊಯ್ದು ಹೇಳಿದ್ದ:
"ಅಕ್ಕಾ, ಇದು ಬಿಸಿಲೂರಿನ ಜೀವ,
ನಿಮ್ಮ ಮಡಿಕೇರಿಯ ಮಂಜು ಇದಕ್ಕಾಗದು."
ಆದರೂ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ
ಅದಕ್ಕೊಂದು ಸೀಟು, ಅರ್ಧ ಟಿಕೆಟು,
ಆನೆಕಾಡು ದಾಟುವವರೆಗೂ ಕಿಟಕಿಯಾಚೆ ತಲೆ.

ನರಿಬಾಲದ ಪಾಮ್. ಮೂರೇ ಗರಿ.
ಮನೆಗೆ ಬಂದವಳೇ ಅಳೆದೆ: ಇಪ್ಪತ್ತೆರಡೂವರೆ.
ಅಳೆಯದೆ ನನಗೆ ಯಾವುದರ ಮೇಲೂ ನಂಬಿಕೆಯಿಲ್ಲ.
ಇಪ್ಪತ್ತೇಳು ವರ್ಷ ಈ ಊರಿನ ಬೆನ್ನುಗಳ ಅಗಲ,
ತೋಳುಗಳ ಉದ್ದ ಬರೆದಿಟ್ಟ ಕೈ;
ಯಾರು ತುಂಬಿಕೊಂಡರು, ಯಾರು ಇಳಿದುಹೋದರು
ಅವರಿಗಿಂತ ಮೊದಲೇ ನನ್ನ ಪುಸ್ತಕಕ್ಕೆ ಗೊತ್ತು.
ಅದೇ ಪುಸ್ತಕದ ಹಿಂಬದಿಯಲ್ಲಿ
ಕೆಂಪು ಶುಂಠಿ, ಹೆಲಿಕೋನಿಯಾ, ಆಂಥೂರಿಯಂ:
ಎದೆ ಸೊಂಟ ಇಲ್ಲದ ಗಿರಾಕಿಗಳು, ಬರೀ ಎತ್ತರ.

ಡಿಸೆಂಬರಿನ ಒಂದು ರಾತ್ರಿ
ಕುಪ್ಯ ಹೊಲಿದು ಉಳಿದ ಬಟ್ಟೆ ಸುತ್ತಿದೆ ಅದಕ್ಕೆ.
ಮದುಮಗನಿಗೆ ಬಿಳಿ; ಇವನಿಗೆ ಸಿಕ್ಕಿದ್ದು ಕಪ್ಪು.
ಮದುವೆಗೆ ಹೊತ್ತಿಗೆ ಮುಂಚೆ ಬಂದ ನೆಂಟನ ಹಾಗೆ
ಅಂಗಳದ ಮೂಲೆಯಲ್ಲಿ ಸುಮ್ಮನೆ ನಿಂತ.
ಪಕ್ಕದ ಮನೆಯ ಬೋಜಕ್ಕ ಬೇಲಿಯಾಚೆಯಿಂದ
"ಸೊಂಟಕ್ಕೆ ಚೇಲೆ ಕಟ್ಟಲಿಲ್ಲವಾ?" ಎಂದು ನಕ್ಕರು.
ಕಟ್ಟಿದೆ. ಕೆಂಪು ರಿಬ್ಬನ್ನು.

ಕಕ್ಕಡದ ಮಳೆಗೆ ಸುಳಿ ಕೊಳೆಯಿತು.
ಎಳೆದರೆ ಹಾಗೇ ಕೈಗೆ ಬಂತು,
ನೆನೆದ ಬತ್ತಿಯಂತೆ, ಹುಳಿ ವಾಸನೆ.
ಕಾಫಿಗಿಡ ಕಡಿದರೆ ಚಿಗುರುತ್ತದೆ,
ದಾಸವಾಳ ಮುರಿದು ಚುಚ್ಚಿದರೂ ಬದುಕುತ್ತದೆ,
ಇವಕ್ಕೆ ಒಂದೇ ಸುಳಿ.
ತಪ್ಪಿ ಕತ್ತರಿಸಿದ್ದನ್ನು ಎಷ್ಟೋ ಸಲ ಕೂಡಿಸಿದ್ದೇನೆ
ತೇಪೆ ಕಾಣದಂತೆ.
ಇಲ್ಲಿ ಸೂಜಿ ಹೋಗುವ ಜಾಗವೇ ಇಲ್ಲ.

ಕುಂಡವನ್ನು ಬೇಸರಕ್ಕೆ ಖಾಲಿ ಮಾಡಿರಲಿಲ್ಲ.
ರಾತ್ರಿ ಹಂಚಿನ ಮೇಲೆ ಓಡಾಡುವ ಪುನುಗು ಬೆಕ್ಕು
ಅದರಲ್ಲೇ ತನ್ನ ಕೆಲಸ ಮುಗಿಸಿ ಹೋಗಿತ್ತು.
ಒಂದು ದಿನ ಎದ್ದಿತು ಒಂದು ಎಲೆ,
ಮೀನಿನ ಬಾಲವನ್ನು ಹಲ್ಲುಕತ್ತರಿಯಲ್ಲಿ ಕತ್ತರಿಸಿದಂತೆ.
"ಅಯ್ಯೋ, ಬೈನೆ! ಕಿತ್ತು ಬಿಸಾಡಿ,
ದುಡ್ಡು ಕೊಟ್ಟು ಯಾರಾದರೂ ತರುತ್ತಾರಾ ಅದನ್ನು?"
ನಿಜ, ಬೋಜಕ್ಕ. ಕೊಟ್ಟಿದ್ದರೆ ಸತ್ತಿರುತ್ತಿತ್ತು.

ಕುಂಡ ಸೀಳಿ ನೆಲಕ್ಕಿಳಿಯಿತು ಬೇರು.
ಟೇಪಿನ ತುದಿ ಮುಟ್ಟಿದ ಮೇಲೆ
ಸ್ಟೂಲು ಹತ್ತಿದೆ, ಏಣಿ ಹತ್ತಿದೆ,
ಆಮೇಲೆ ಪುಸ್ತಕದಲ್ಲಿ ಅದರ ಪುಟ ಖಾಲಿ.
ಹದಿನಾರು ವರ್ಷ.
ನಾನು ಅಳೆಯದೆ ಬೆಳೆದ ಒಂದೇ ಗಿರಾಕಿ.

ಹೋದ ವರ್ಷ ಮಾರ್ಚಿಗೆ ನೆತ್ತಿಯಲ್ಲಿ ಹೂ.
ಸಾವಿರ ಎಳೆಯ ಕುಚ್ಚು, ಯಾವ ಸೆರಗೂ ತಾಳದ್ದು.
ಮಿಷನ್ನಿನ ಸದ್ದು ಮುಳುಗುವಷ್ಟು ಜೇನು.
ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ.
ಮರ ಹತ್ತುವ ಬೊಳಕನೂ ಬಂದ, ಕತ್ತೆತ್ತಿ ನೋಡಿದ:
"ಶುರುವಾಯ್ತಲ್ಲಕ್ಕ, ಸಾಯೋಕೆ.
ತುದಿಯಿಂದ ಗಂಟು ಗಂಟಾಗಿ ಇಳೀತದೆ ಹೂವು,
ಬುಡದ ಹತ್ತಿರ ಬಂದಾಗ ಮುಗೀತು.
ಐದು ವರ್ಷ, ಏಳು ವರ್ಷ.
ಹೆಂಡಕ್ಕೆ ಕೊಡ್ತೀರಾ?"

ಆ ರಾತ್ರಿ ಟಾರ್ಚು ಹಿಡಿದು
ಕಾಂಡದ ಮೇಲಿನ ಗಂಟುಗಳನ್ನು ಎಣಿಸಲು ಹೋದೆ.
ಹನ್ನೊಂದಕ್ಕೆ ನಿಲ್ಲಿಸಿದೆ. ಮಂಜು ಇಳಿದಿತ್ತು,
ಇಳಿಯದಿದ್ದರೂ ನಿಲ್ಲಿಸುತ್ತಿದ್ದೆನೇನೋ.

ಎರಡನೆಯ ಕುಚ್ಚು ಬೊಳಕನಿಗೆ ಕೊಟ್ಟೆ.
ಮೊದಲನೆಯದು ಬೆಕ್ಕಿನ ಬಾಕಿ.
ಹಣ್ಣು ಉದುರಿದಾಗ ಬರಿಗೈಯಲ್ಲಿ ಆರಿಸಿದೆ,
ಅಂಗೈಯೆಲ್ಲ ಬೆಂಕಿ, ತುರಿಕೆ,
ಎರಡು ದಿನ ಸೂಜಿಗೆ ದಾರ ಪೋಣಿಸಲಾಗಲಿಲ್ಲ.
ದೇಚಮ್ಮನ ಮಗಳ ರವಿಕೆ ತಡವಾಯಿತು. ಬೈದರು.
ಬೈಯಲಿ.

ಈಗ ಸೂರಿನ ಕೆಳಗೆ
ಐದು ಖಾಲಿ ಕುಂಡ ಮಣ್ಣು ತುಂಬಿ ಇಟ್ಟಿದ್ದೇನೆ,
ದೊಡ್ಡದು, ಸಣ್ಣದು, ಒಂದು ಒಡಕು ಬಕೆಟ್ಟು.
ಯಾವುದು ಹಿಡಿಸುತ್ತದೋ.
ಬೆಕ್ಕಿನ ಅಳತೆ ನನಗೆ ಗೊತ್ತಿಲ್ಲ.