ನಿವ್ವಳ

ತುಂಬಿದ ಲಾರಿ ಮೊದಲು, ಖಾಲಿ ಲಾರಿ ಆಮೇಲೆ,
ಕಳೆದರೆ ಉಳಿಯೋದು ಮೆಕ್ಕೆಜೋಳ.
ಇಪ್ಪತ್ತೆರಡು ವರ್ಷದಿಂದ ಇದೇ ಲೆಕ್ಕ ನನ್ನದು,
ದಾವಣಗೆರೆ ಎಪಿಎಂಸಿ ಹಿಂದಿನ ವೇಬ್ರಿಡ್ಜಿನ
ತಗಡಿನ ರೂಮಲ್ಲಿ.

ಆಪರೇಷನ್ನಿಗೆ ಹೋಗೋ ಹಿಂದಿನ ರಾತ್ರಿ
ಗೇಟು ಹಾಕಿ, ಚಪ್ಪಲಿ ಬಿಟ್ಟು
ಕಬ್ಬಿಣದ ಹಾಸಿನ ನಡುವೆ ನಿಂತೆ.
ಕಿಟಕಿಯೊಳಗೆ ಕೆಂಪಂಕಿ: ನೂರಾ ಮೂವತ್ತು.
ಹತ್ತು ಕಿಲೋ ಒಳಗಿನ ವ್ಯತ್ಯಾಸ
ಈ ಯಂತ್ರದ ಕಣ್ಣಿಗೆ ಬೀಳೋದಿಲ್ಲ.
ಚೀಟಿ ಹರಿದು, ಗಾಡಿ ನಂಬರಿನ ಜಾಗದಲ್ಲಿ
ಕರಿಬಸಮ್ಮ ಅಂತ ಬರೆದಿಟ್ಟೆ.

ಒಂದೂವರೆ ವರ್ಷಕ್ಕೆ ಎಪ್ಪತ್ತು.
ಹಮಾಲಿ ಮೈಲಾರಪ್ಪ ಗುರುತು ಸಿಗದೆ
'ಅಕ್ಕಾರು ರಜಾನಾ?' ಅಂತ ನನ್ನನ್ನೇ ಕೇಳಿದ.
ನಕ್ಕೆ. ರಾತ್ರಿ ಅತ್ತೆ.
ಅತ್ತಿದ್ದು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಜನ ಕತೇನ ಅಲ್ಲಿಗೇ ಮುಗಿಸ್ತಾರೆ.
ಆಮೇಲೆ ಹತ್ತು ವರ್ಷ ಇದೆ.

ಸಕ್ಕರೆ ಮಾತ್ರೆ ಬಿಟ್ಟು ಹೋಗಿತ್ತು;
ಒಂಬತ್ತನೇ ವರ್ಷ ಅರ್ಧ ಮಾತ್ರೆ ವಾಪಸು ಬಂತು,
ಎರಡು ದಿನ ಇದ್ದು ಹೋಗ್ತೀನಿ ಅನ್ನೋ ನೆಂಟನ ಹಾಗೆ.
ಸೂಜಿ ಮರೆತ ವರ್ಷ ಅಂಗಾಲು ಜೋಮು ಹಿಡಿದು
ಸ್ವಂತ ನೆಲವೇ ಹತ್ತಿಯಾಯ್ತು.
ತೋಳಿನ ಕೆಳಗೆ ಚರ್ಮ ಜೋತಿದೆ:
ಜೋಳ ಸುರಿದ ಮೇಲೂ
ಗೋಣಿ ತನ್ನ ಅಳತೆ ಮರೆಯೋದಿಲ್ಲ.

ತಂಗಿ ಮಗಳ ಮದುವೇಲಿ
ಹೋಳಿಗೆ ಎರಡು ತುತ್ತು ಜಾಸ್ತಿಯಾಗಿ
ಎದೆ ಡವಡವ, ಮೈಯೆಲ್ಲ ಬೆವರು,
ಛತ್ರದ ಹಿಂದೆ ಪಾತ್ರೆ ತೊಳೆಯೋರ ನಡುವೆ ಮಲಗಿದ್ದೆ.
ಒಬ್ಬಾಕೆ ಸೆರಗಿಂದ ಗಾಳಿ ಬೀಸುತ್ತ
'ಎಷ್ಟು ತಿಂಗಳು ತಾಯಿ?' ಅಂದಳು.
ನಲವತ್ತೆರಡು ವಯಸ್ಸು ನನಗಾಗ.
'ನಾಲ್ಕು ವರ್ಷ' ಅಂದೆ.

ಹೋದ ಅಮಾವಾಸ್ಯೆ, ಮಂಡಿಗೆ ರಜ.
ಮತ್ತೆ ಹತ್ತಿ ನಿಂತೆ. ಎಂಬತ್ತು.
ವರ್ಷಗಟ್ಟಲೆ ಎಪ್ಪತ್ತು ಎಪ್ಪತ್ತು ಅಂತ
ನನ್ನ ಪರ ಸುಳ್ಳು ಹೇಳಿಕೊಂಡು ಬಂದಿದ್ದ ಯಂತ್ರ
ಒಂದೇ ಏಟಿಗೆ ಬಾಯಿಬಿಟ್ಟಿತು.
ಡ್ರೈವರುಗಳು ದಿನಾ ಬೈಯೋ ಹಾಗೆ ನಾನೂ ಬೈದೆ:
ನಿಮ್ಮ ಕಾಟಾ ಸರಿ ಇಲ್ಲ, ಇನ್ನೊಮ್ಮೆ ಹಾಕ್ರಿ.
ಇನ್ನೊಮ್ಮೆ ಹಾಕಿದೆ.
ಎಂಬತ್ತು.

ಕಳೆದರೆ ಐವತ್ತು.
ಒಂದು ಚೀಲ ಜೋಳದಷ್ಟು ನಾನು
ಎಲ್ಲಿ ಇಳಿದೆನೋ, ಯಾರು ಹೊತ್ತರೋ,
ರಶೀದಿ ಇಲ್ಲ.

ಹಾಸಿನಿಂದ ಇಳಿದೆ. ಮಂಡಿ ನೋಯಲಿಲ್ಲ,
ಅದನ್ನೂ ಚೀಟಿಯ ಹಿಂದೆ ಬರೆದೆ.
ಗೇಟಿನಾಚೆ ಹರಪನಹಳ್ಳಿ ಕಡೆಯ ಲಾರಿಯೊಂದು
ರಜ ಅಂತ ಗೊತ್ತಿಲ್ಲದೆ ಹಾರ್ನ್ ಮಾಡುತ್ತಿತ್ತು.
ಚಪ್ಪಲಿ ಮೆಟ್ಟಿ ಹೋದೆ.