ಒಂದೇ ಗೆರೆ

ಏಪ್ರಿಲ್, ಮರೀಬಾ. ನೆವೆಂಕಾ ಮೇಜಿನ ಮೇಲಿಟ್ಟಳು
ಬ್ರೆಡ್ಡಿನ ಚೀಲದಲ್ಲಿ ಮಾವಿನ ಮೂರು ಕಡ್ಡಿ,
ತುದಿಯಿಂದ ಒಣಗುತ್ತ ಬಂದದ್ದು, ಗಾಯದಲ್ಲಿ ಕಂದು ಗೋಂದು.
ಮಳೆ ಜಾಸ್ತಿಯಾಯ್ತಲ್ಲ, ಅದಕ್ಕೇ, ಅಂದಳು.
ಪಕ್ಕದ ತೋಟದ ಔಷಧಿ ಗಾಳಿಗೆ ಬಂತೇನೋ, ಅಂದಳು.
ಗಂಡ ಹೋದ ವರ್ಷದಿಂದ ಶುರು, ಅಂದಳು, ದನಿ ಇಳಿಸಿ.
ನಮೂನೆಯಲ್ಲಿ ‘ಕಾರಣ’ಕ್ಕೆ ಇರುವುದು ಒಂದೇ ಗೆರೆ.

ಹಸಿರೂ ಕಪ್ಪೂ ಕೂಡುವಲ್ಲೇ ಕೊಯ್ಯಬೇಕು.
ಪೂರ್ತಿ ಸತ್ತ ಕಡೆ ಬಗೆಬಗೆ ಬೂಷ್ಟು ಕೂತಿರುತ್ತೆ,
ಸಾವಿನ ಮನೆಗೆ ಬಂದ ನೆಂಟರ ಹಾಗೆ;
ಕೊಂದದ್ದು ಯಾರೆಂದು ಅವರನ್ನು ಕೇಳಿ ಫಲವಿಲ್ಲ.

ಆಲೂಗಡ್ಡೆ ಗಂಜಿಯ ತಟ್ಟೆಯಲ್ಲಿ ಮೊದಲ ದಿನ ಏನಿಲ್ಲ.
ಎರಡಕ್ಕೆ ಹತ್ತಿ. ನಾಲ್ಕಕ್ಕೆ ಬೂದಿ.
ಆರಕ್ಕೆ ಮುಚ್ಚಳ ಮುಟ್ಟುವ ಕಾಡಿಗೆ.
ಅದನ್ನೇ ಒಂದು ಎಳೆ ಸಸಿಗೆ ಗೀರಿ ಹಚ್ಚಿದೆ. ನಿಯಮ ಹಾಗಿದೆ:
ಇವನೇ ಎನ್ನಲು ಇನ್ನೊಂದನ್ನು ಕೊಲ್ಲಿಸಿ ನೋಡಬೇಕು.
ಸಸಿ ಮೂರು ವಾರ ತಾಳಿತು.

ತೋಟದಲ್ಲಿ ರೋಗ ಗಾಳಿಯಂತೆ ಹಬ್ಬಿರಲಿಲ್ಲ.
ಸಾಲು ಹಿಡಿದು ನಡೆದಿತ್ತು, ಮರದಿಂದ ಮರಕ್ಕೆ,
ಯಾರೋ ಕೆಲಸ ಮಾಡಿಕೊಂಡು ಹೋದ ಹಾಗೆ.
ಶೆಡ್ಡಿನ ಮೊಳೆಯಲ್ಲಿ ಕತ್ತರಿ; ಹಿಡಿಗೆ ಸುತ್ತಿದ ಟೇಪು
ಅವಳದಲ್ಲದ ಹೆಬ್ಬೆರಳಿಗೆ ಸವೆದಿತ್ತು.
ಈಗ ನಾನೇ ಸವರುತ್ತೀನಿ, ಅಂದಳು. ಅವನೋ
ಮರಮರಕ್ಕೂ ನಿಂತು ಏನೋ ಬಟ್ಟೆಯಲ್ಲಿ ಒರೆಸುತ್ತಿದ್ದ,
ಕೈ ಬೆವರುತ್ತೇನೋ ಅಂದುಕೊಂಡಿದ್ದೆ.

ಗೆರೆಯ ಮೇಲೆ ಶಿಲೀಂಧ್ರದ ಉದ್ದನೆ ಹೆಸರು ಬರೆದೆ.
ಕೆಳಗೆ: ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ, ಪ್ರತಿ ಮರಕ್ಕೂ.
ಅವಳು ಆಗಲೇ ಚಿಂದಿ ಒದ್ದೆ ಮಾಡಿಕೊಂಡು
ಹಿಡಿಯಿಂದ ಶುರುಮಾಡಿದ್ದಳು.
ಅಲಗು ಸಾಕು, ಅಂದೆ.
ಹಿಡಿ ಹಾಗೇ ಇರಲಿ.