ಮೊಣಕೈಗೆ ಒಂದು ಚೋಟು ಕೆಳಗೆ

"ಎಂತ ಎತ್ತು ಪೆಟ್ಟಾಲಮ್ಮಾ?"
ಬಾಗೇಪಲ್ಲಿ ತೆಲುಗಿನಲ್ಲಿ ಕೇಳಿದ ಗಾರೆ ಗಂಗುಲಪ್ಪ,
ಅರ್ಧ ಎಳೆದ ಟೇಪು ಗಾಳಿಯಲ್ಲಿ ಹಿಡಿದು.
ಎಲ್ಲರ ಮನೇಲಿ ಎಷ್ಟೋ ಅಷ್ಟೇ ಇಡು,
ಇವರು ಹಜಾರದಿಂದಲೇ ಕೂಗಿದರು.
ಮೂವತ್ಮೂರು ಇಂಚು, ಎಂದ
ಕಪಾಟುಗಳ ಪುಸ್ತಕ ಹೊತ್ತು ತಂದ ಹುಡುಗ.
ನಾನು ಸುಮ್ಮನಿದ್ದೆ.
ಇಪ್ಪತ್ತಾರು ವರ್ಷ ಇದೇ ಅಡುಗೆಮನೆ.
ಉಪ್ಪು ಎಷ್ಟು ಹಾಕಿದೆ ಅಂತ ಕೇಳಿದ್ದಾರೆ,
ಎತ್ತರ ಎಷ್ಟು ಬೇಕು ಅಂತ ಇದೇ ಮೊದಲು.

ಹಳೇ ಕಟ್ಟೆ ಅತ್ತೆಯ ಅಳತೆಯದು.
ಅಕ್ಕಯಮ್ಮ ಅಂದರೆ ಆಗ
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಗಂಡಸರ ರುಮಾಲುಗಳ ಮೇಲೆ ಕಾಣುವ ಒಂದು ತಲೆ.
ಗೂಡಿಗೆ ಒಳ್ಳೇ ರೇಟು ಬಂದ ವರ್ಷ
ಇನ್ನು ಕೂತು ಊದಲಾರೆ, ನಿಂತೇ ಬೇಯಿಸುವುದು ಅಂತ
ಹಟ ಹಿಡಿದು ಹಾಸಿಸಿದರಂತೆ ಕಡಪ ಕಲ್ಲು.
ಬೀದಿಯ ಹೆಂಗಸರು ಬಂದು
ಮುಟ್ಟಿ ನೋಡಿ ಹೋದರಂತೆ.

ನಾನು ನಾಲ್ಕಡಿ ಎಂಟಿಂಚು.
ಕಟ್ಟೆ ಎದೆಗೆ ಬರುತ್ತಿತ್ತು,
ಸ್ಟವ್ವಿನ ಮೇಲೆ ಪಾತ್ರೆ ಇಟ್ಟರೆ ಗಂಟಲಿಗೆ.
ಅನ್ನ, ಸಾರಿಗೆ ಪರವಾಗಿಲ್ಲ.
ಮುದ್ದೆ ತೊಳಸಲು ಮೇಲಿಂದ ಬೀಳಬೇಕು ಮೈಭಾರ;
ನಾನೋ ಬಾವಿಯೊಳಗೆ ನಿಂತವಳ ಹಾಗೆ
ಕೆಳಗಿಂದ ತೊಳಸಿದೆ.
ಹಿಟ್ಟಿನ ಗಂಟು ಸಿಕ್ಕರೆ ಅತ್ತೆ
ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗೆ ಒರಸುತ್ತಿದ್ದರು,
ಏನೂ ಅನ್ನದೆ. ಅಂದಿದ್ದರೆ ವಾಸಿಯಿತ್ತು.
ಆಮೇಲೊಂದು ದಿನ
ಹುಳುವಿನ ಮನೆಯಿಂದ ಮುರುಕಲು ಹಲಗೆ ತಂದು
ತಾವೇ ಎರಡು ಪಟ್ಟಿ ಹೊಡೆದು
ನನ್ನ ಕಾಲ ಬಳಿಗೆ ನೂಕಿದರು.
ಕಟ್ಟೆ ಇಳಿಸುವ ಮಾತಿಲ್ಲ,
ಸೊಸೆಯನ್ನು ಎತ್ತಿದರೆ ಆಯಿತು.

ಒಲೆಯಿಂದ ನಲ್ಲಿಗೆ, ನಲ್ಲಿಯಿಂದ ಒಲೆಗೆ
ಕಾಲಲ್ಲೇ ತಳ್ಳಿಕೊಂಡು ತಿರುಗಿದೆ.
ಕರ್‌ ಅಂತ ಅದು ಕೊನೇ ಸಲ ಸರಿದರೆ
ಮಕ್ಕಳು ತಟ್ಟೆ ಹಾಕಿಕೊಳ್ಳುತ್ತಿದ್ದರು.

ಸುತ್ತಿಗೆ ಬಿತ್ತು.
ಹಸಿರು ಬಣ್ಣದ ಕೆಳಗೆ ತಿಳಿನೀಲಿ,
ಅದರ ಕೆಳಗೆ ಬರೀ ಸುಣ್ಣ.
ಹುಳುವಿನ ಮನೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ
ಇದ್ದಲಿನ ಅಕ್ಷರ: "ನಾಲ್ಕನೇ ಜ್ವರ, ಬುಧವಾರ."
ಯಾರಿಗಮ್ಮಾ ಜ್ವರ, ಕೇಳಿದ ಪುಸ್ತಕದ ಹುಡುಗ.
ಹುಳುವಿಗೆ, ಅಂದೆ. ಅವನು ನಕ್ಕ. ಈ ಊರಿನವನೇ.

ಕಟ್ಟೆಯ ಹೊಟ್ಟೆಯಿಂದ ಎರಡು ಗೋಲಿ, ಒಂದು ಬೆಳ್ಳಿ ಒಳಲೆ.
ಈ ಒಳಲೆಗಾಗಿ ಹಾಲಿನ ರಾಮಕ್ಕನನ್ನು ಬಿಡಿಸಿದ್ದೆವು.
ಇವರು ಅದನ್ನು ಪಂಚೆಯಲ್ಲಿ ಒರಸಿ
ಜೇಬಿಗೆ ಹಾಕಿಕೊಂಡು ಹೊರಗೆ ಹೋದರು.
ರಾಮಕ್ಕ ಈಗ ಎಲ್ಲಿದ್ದಾಳೋ. ಇದ್ದಾಳೋ.

ಗಂಗುಲಪ್ಪ ಇನ್ನೂ ಕಾಯುತ್ತಿದ್ದ.
ಕೈ ಮಡಿಸಮ್ಮಾ, ಎಂದ,
ಮೊಣಕೈಗೆ ಒಂದು ಚೋಟು ಕೆಳಗೆ
ಕಿವಿಯ ಪೆನ್ಸಿಲು ತೆಗೆದು ಗೋಡೆಗೆ ಗೀರಿದ.
"ಇರವೈ ತೊಮ್ಮಿದಿ."
ಇಪ್ಪತ್ತೊಂಬತ್ತು! ಇವರು ಬಾಗಿಲಿಗೆ ಬಂದರು,
ನಾಳೆ ಸೊಸೆ ಉದ್ದ ಇದ್ದರೆ?
ಬಂದಾಗ ಅವಳನ್ನು ಕೇಳಿ, ಅಂದೆ.
ನನ್ನ ದನಿ ಸ್ವಲ್ಪ ಜೋರಾಗಿತ್ತು,
ಖಾಲಿ ಕೋಣೆ, ಅದಕ್ಕೂ ಇರಬಹುದು.

ಹಾಲುಕ್ಕಿಸುವ ದಿನ ಅತ್ತೆ ಗೋಡೆ ಹಿಡಿದು ಬಂದರು.
ಎಂಬತ್ತಮೂರು. ಬೆನ್ನು ಕುಡುಗೋಲಾಗಿದೆ.
ಹೊಸ ಕಲ್ಲಿನ ಮೇಲೆ ಎರಡೂ ಅಂಗೈ ಊರಿದರು:
ಎಲ್ಲೂ ಎಟುಕಬೇಕಾಗಿಲ್ಲ, ಬಗ್ಗಬೇಕಾಗಿಲ್ಲ.
ಅಷ್ಟು ಹೊತ್ತು ಹಾಗೇ ನಿಂತಿದ್ದು
"ನನ್ನ ಅಳತೆಗೇ ಮಾಡಿಸಿದ್ದೀಯಲ್ಲೇ" ಎಂದರು.
ಹೂಂ, ಅಂದೆ.
ಹಾಲು ಉಕ್ಕಿತು, ಪೂರ್ವಕ್ಕಲ್ಲ, ಗೋಡೆ ಕಡೆಗೆ.

ಹಲಗೆಯನ್ನು ಗಂಗುಲಪ್ಪ ಸಾರವೆಗೆ ಕೇಳಿದ್ದ.
ಕೊಟ್ಟೆ. ಅದರಲ್ಲೇನಿದೆ.
ಆದರೆ ಈಗಲೂ, ಬೆಳಿಗ್ಗೆ,
ನಿದ್ದೆಗಣ್ಣಲ್ಲಿ ಒಲೆಯ ಮುಂದೆ ಬಂದರೆ
ಎಡಗಾಲು ತಾನಾಗಿ ಏಳುತ್ತದೆ,
ಇಲ್ಲದ ಹಲಗೆಯ ಮೇಲೆ ಹತ್ತಲು.